ಊರಿಗೆ ಕರೆಸಿಕೊಂಡವರು

ಅಕ್ಟೋಬರ್ 1, 2021, ಶುಕ್ರವಾರ

ಇವತ್ತು ಮನೆಯ ಮೆಟ್ಟಿಲು ಹತ್ತುವಾಗ ಒಂದೇ ಸಲ ನಿಂತೆ. ಹೋದ ತಿಂಗಳು ಮೂರು ಸಲ ನಿಲ್ಲುತ್ತಿದ್ದೆ. ಶ್ವಾಸಕೋಶಕ್ಕೆ ಕೈಮುಗಿಯುವ ಪದ್ಧತಿ ಎಲ್ಲೂ ಇಲ್ಲ, ಇದ್ದಿದ್ದರೆ ಮುಗಿಯುತ್ತಿದ್ದೆ. ಗಂಟಲು ಮುಕ್ಕಾಲು ಪಾಲು ವಾಪಸು ಬಂದಿದೆ. ಉಳಿದ ಕಾಲು ಪಾಲು ಕಳೆದ ವರ್ಷದ ಜುಲೈ ತಿಂಗಳಲ್ಲಿ, ಕೋವಿಡ್ ರೋಗಿಗಳಿಗೆ ಅಂತ ಶಾಲೆಯ ಕೋಣೆಯೊಳಗೆ ಹಾಕಿದ್ದ ಆಸ್ಪತ್ರೆ ಮಂಚದ ಮೇಲೆ ಬಿಟ್ಟುಬಂದದ್ದು. ಬಂದಷ್ಟೇ ಲಾಭ.

ಇಪ್ಪತ್ತಾರು ವರ್ಷ ಈ ಗಂಟಲೇ ನನ್ನನ್ನು ಸಾಕಿದೆ. ರಾಜಧಾನಿ ಬಿಷ್ಕೇಕಿನ ಪಶ್ಚಿಮ ಬಸ್ ನಿಲ್ದಾಣಕ್ಕೆ ನಾನು ಬಂದದ್ದು ಬೇಯಿಸಿದ ಮೊಟ್ಟೆ ಮಾರಲು. ನನ್ನ ಕೂಗು ಕೇಳಿದ ಒಬ್ಬ ಡ್ರೈವರು, "ಇದೇ ದನಿಯಲ್ಲಿ 'ನರಿನ್, ಅಟ್‌ಬಾಶಿ' ಅಂತ ಕೂಗಮ್ಮ, ಮೊಟ್ಟೆ ನಾನು ತಿನ್ತೀನಿ" ಅಂದ. ಅವತ್ತು ಅವನು ಹದಿನಾಲ್ಕು ಮೊಟ್ಟೆ ತಿಂದ, ನಾನು ಆ ಊರುಗಳಿಗೆ ಹೊರಟ ನಾಲ್ಕು ಬಾಡಿಗೆ ಕಾರು ತುಂಬಿಸಿದೆ. ಆಮೇಲೆ ಮೊಟ್ಟೆಯ ಕಡೆ ತಿರುಗಿ ನೋಡಲಿಲ್ಲ.

ಕೂಗುವುದು ಈ ಕೆಲಸದ ಅರ್ಧ ಮಾತ್ರ. ಯಾರನ್ನು ಯಾರ ಪಕ್ಕ ಕೂರಿಸಬೇಕು ಅನ್ನುವುದು ಇನ್ನರ್ಧ. ಹಿರಿಯರು ಮುಂದೆ. ವಾಂತಿ ಮಾಡುವವರು ಕಿಟಕಿಗೆ. ಹೊಸ ಸೊಸೆಯ ಪಕ್ಕ ಬಾಯಿ ಮುಚ್ಚಿಕೊಂಡಿರುವ ಹೆಂಗಸು. ಏಳು ಗಂಟೆಯ ದಾರಿ, ನಡುವೆ ದೊಲೊನ್ ಕಣಿವೆಯ ಏರು. ತಪ್ಪು ಜಾಗದಲ್ಲಿ ಕೂತವರು ಊರು ಸೇರುವಷ್ಟರಲ್ಲಿ ವೈರಿಗಳಾಗಿರುತ್ತಾರೆ.

ಇವತ್ತು ಹೊಸ ವ್ಯಾನು ಕಂಪನಿಯ ಮ್ಯಾನೇಜರು ಅಜಿರೆತ್ ಬಂದಿದ್ದ. ಮೂವತ್ತು ದಾಟಿರಲಿಕ್ಕಿಲ್ಲ. ಮಾಸ್ಕು ಇಸ್ತ್ರಿ ಮಾಡಿದಂತಿತ್ತು.

"ಎಜೆ," ಅಂದ. ಅಕ್ಕ ಅನ್ನುವಷ್ಟು ಮರ್ಯಾದೆ ಕಲಿತಿದ್ದಾನೆ. "ನವೆಂಬರ್ ಒಂದರಿಂದ ನಿಲ್ದಾಣದೊಳಗೆ ಕೂಗೋರನ್ನ ಬಿಡಲ್ಲ. ಸೀಟು ಫೋನಿನಲ್ಲೇ. ಪ್ರತಿ ಸೀಟಿಗೂ ನಂಬರು, ನಡುವೆ ಪ್ಲಾಸ್ಟಿಕ್ ಪರದೆ, ಬಾಗಿಲಲ್ಲಿ ಜ್ವರ ನೋಡೋ ಕ್ಯಾಮೆರಾ. ಮುಂದಿನ ವರ್ಷ ಬ್ಯಾಟರಿ ವ್ಯಾನು. ಯಾರೂ ಯಾರನ್ನೂ ಮುಟ್ಟೋ ಹಾಗೇ ಇಲ್ಲ."

"ಕಣಿವೆಯ ತಿರುವಿನಲ್ಲಿ ಒಬ್ಬರ ಮೇಲೊಬ್ಬರು ಬೀಳ್ತಾರಲ್ಲ, ಅದಕ್ಕೂ ಫೋನಿನಲ್ಲಿ ಏನಾದ್ರೂ ಇದೆಯಾ?"

ನಕ್ಕ. ಅದೊಂದು ಒಳ್ಳೆಯ ಲಕ್ಷಣ. ಅಕ್ಟೋಬರ್ ಪೂರ್ತಿ ನನ್ನನ್ನು ಪರೀಕ್ಷೆಗೆ ಇಟ್ಟುಕೊಳ್ಳುತ್ತಾನಂತೆ. ಬಾಗಿಲಲ್ಲಿ ನಿಂತು ಪಟ್ಟಿ ನೋಡಿ ಹತ್ತಿಸಬೇಕು. ಸೀಟು ಬದಲಿಸುವಂತಿಲ್ಲ, ವ್ಯಾನು ಒಂದು ನಿಮಿಷವೂ ತಡವಾಗುವಂತಿಲ್ಲ. ಸರಿಹೋದರೆ ಕೆಲಸ ಉಳಿಯುತ್ತದೆ. ಇಲ್ಲವಾದರೆ ಐವತ್ತೆಂಟನೇ ವಯಸ್ಸಿಗೆ ಮತ್ತೆ ಮೊಟ್ಟೆ ಬೇಯಿಸುವುದು.

ಒಪ್ಪಿಕೊಂಡೆ. ಉಳಿದ ಏಳು ಜನ ಕೂಗುವವರನ್ನು ಅವನು ಕೇಳಲೂ ಇಲ್ಲ. ನನ್ನನ್ನಾದರೂ ಕೇಳಿದ್ದಕ್ಕೆ ಸಂತೋಷಪಡಬೇಕು.

ಅಕ್ಟೋಬರ್ 4, ಸೋಮವಾರ

ಒಂಬತ್ತು ಗಂಟೆಗೆ ಸರಿಯಾಗಿ ಮೊದಲ ವ್ಯಾನು ಹೊರಟಿತು. ಹನ್ನೊಂದು ಸೀಟಿಗೆ ಏಳು ಜನ. ಗುಂಡಿ ಕಿತ್ತುಹೋದ ಕೋಟು ಹಾಕಿಕೊಂಡು ಹೊರಟವನನ್ನು ನೋಡಿದ ಹಾಗಾಯಿತು. ಡ್ರೈವರ್ ಮೆಲಿಸ್ ನನ್ನ ವಯಸ್ಸಿನವನು, ಮೊದಲು ಸ್ವಂತ ಕಾರು ಓಡಿಸುತ್ತಿದ್ದ, ಈಗ ಕಂಪನಿ ಟೋಪಿ ಹಾಕಿದ್ದಾನೆ.

"ಕುಮುಶ್, ನಾಲ್ಕು ಸೀಟು ಖಾಲಿ ಇಟ್ಕೊಂಡು ಹೊರಡೋದಾ? ದಾರಿಗೇ ಅವಮಾನ ಅಲ್ವಾ?"

"ಟೋಪಿ ನೇರ ಮಾಡ್ಕೊಂಡು ಹೊರಡು."

ಎಂಬತ್ತರ ಮುದುಕನಿಗೆ ಕೊನೆಯ ಸಾಲು ಬಂದಿತ್ತು, ಕಾಲೇಜು ಹುಡುಗನಿಗೆ ಮುಂದಿನ ಸೀಟು. ನೋಡಿಯೂ ಸುಮ್ಮನಿದ್ದೆ. ನಾಲಿಗೆ ಕಚ್ಚಿಕೊಂಡದ್ದರಿಂದ ಈಗಲೂ ಉರಿಯುತ್ತಿದೆ.

"ನೀನೂ ಒಂದ್ಸಲ ಬಾರಮ್ಮ ಅಟ್‌ಬಾಶಿಗೆ, ಸೀಟಂತೂ ಇದೆ" ಅಂದ ಮೆಲಿಸ್. ಸೊಂಟ ನೋವು ಅಂದೆ. ಅಟ್‌ಬಾಶಿ ನನ್ನ ಅಕ್ಕ ಬುರುಲ್ ಇದ್ದ ಊರು. ಹೋದ ವರ್ಷದಿಂದ ಆ ದಾರಿಗೆ ನನ್ನ ಸೊಂಟ ಒಗ್ಗುತ್ತಿಲ್ಲ.

ಅಕ್ಟೋಬರ್ 9, ಶನಿವಾರ

ವಾರವಿಡೀ ಒಂದು ನಿಮಿಷವೂ ತಡವಾಗಲಿಲ್ಲ. ಅಜಿರೆತ್ ಹೆಬ್ಬೆರಳಿನ ಚಿತ್ರ ಕಳಿಸಿದ. ಮಾಸ್ಕಿನ ಹಿಂದೆ ಬಾಯಿ ಮುಚ್ಚಿಕೊಂಡಿರುವುದು ಸುಲಭ ಅಂತ ಈ ವಯಸ್ಸಿನಲ್ಲಿ ತಿಳಿಯಿತು. ಪಕ್ಕದ ಮನೆಯಾಕೆ ಕುಂಬಳಕಾಯಿ ತುಂಬಿದ ಸಮೋಸಾ ಕೊಟ್ಟಳು. ಒಳ್ಳೆಯ ವಾರ.

ಅಕ್ಟೋಬರ್ 16, ಶನಿವಾರ

ಸಂಜೆ ಫೋನು ಬಂತು. ಅಟ್‌ಬಾಶಿಗೆ ಇನ್ನರ್ಧ ಗಂಟೆ ಇರುವಾಗ ಸಿಗುವ ಹಳ್ಳಿಯಿಂದ ಒಬ್ಬ ಹೆಂಗಸು. ಆ ಕಡೆಯ ಎಲ್ಲ ಮನೆಗಳ ಗೋಡೆಯ ಮೇಲೂ ನನ್ನ ನಂಬರು ಬರೆದಿರುತ್ತದೆ.

"ಎಜೆ, ನಮ್ಮ ಭಾವ ಕಾಸ್ಮಾಲಿ ನಾಳೆ ಬೆಳಿಗ್ಗೆ ಮಾಸ್ಕೋದಿಂದ ವಿಮಾನದಲ್ಲಿ ಇಳೀತಾರೆ. ಮೂರು ವರ್ಷ ಆಯ್ತು ಬಂದು. ಒಂಬತ್ತರ ವ್ಯಾನಿಗೆ ಹತ್ತಿಸ್ತೀರಾ?"

"ಮದುವೆ ಏನಾದ್ರೂ ಇದೆಯಾ?"

"ಇಲ್ಲ. ಅತ್ತೆಗೆ ಸ್ವಲ್ಪ ಹುಷಾರಿಲ್ಲ. ಬೇಗ ಬಾ ಅಂದಿದ್ದೀವಿ."

"ಸ್ವಲ್ಪವಾ?"

ಅವಳ ಉಸಿರು ತಡವರಿಸಿತು. "ಸ್ವಲ್ಪ" ಅಂದು ಫೋನಿಟ್ಟಳು.

ಗೊತ್ತಾಯಿತು. ತಾಯಿ ಹೋಗಿದ್ದಾಳೆ. ಇಪ್ಪತ್ತಾರು ವರ್ಷದಲ್ಲಿ ಈ 'ಸ್ವಲ್ಪ'ವನ್ನು ನೂರಾರು ಸಲ ಕೇಳಿದ್ದೇನೆ. ಸಾವಿನ ಸುದ್ದಿಯನ್ನು ಫೋನಿನಲ್ಲಿ, ದಾರಿಯಲ್ಲಿ, ಒಬ್ಬನೇ ಇರುವವನಿಗೆ ಹೇಳುವಂತಿಲ್ಲ. ಊರಿಗೆ ಕರೆಸಿ, ಹಿರಿಯರು ಎರಡೂ ಕಡೆ ಕೂತು, ಕೈ ಹಿಡಿದು ಹೇಳಬೇಕು. ಅಲ್ಲಿಯವರೆಗೆ ಅವನನ್ನು ಏನೂ ತಿಳಿಯದಂತೆ ತಲುಪಿಸುವುದು ದಾರಿಯ ಜನರ ಜವಾಬ್ದಾರಿ, ಮೊದಲು ನನ್ನದು. ಅಂಥವರನ್ನು ಎಂದೂ ಹಿಂದಿನ ಸಾಲಿನಲ್ಲಿ ಕೂರಿಸಿದವಳಲ್ಲ.

ಪಟ್ಟಿ ನೋಡಿದೆ. ಉಳಿದಿರುವುದು ಹತ್ತು ಮತ್ತು ಹನ್ನೊಂದನೇ ನಂಬರು, ಕೊನೆಯ ಸಾಲು, ಸ್ಟೆಪ್ನಿ ಚಕ್ರದ ಪಕ್ಕ.

ಅಕ್ಟೋಬರ್ 17, ಭಾನುವಾರ

ಅಟ್‌ಬಾಶಿ ದಾರಿಯ ಆ ಹಳ್ಳಿಯಲ್ಲಿ, ಕಾಸ್ಮಾಲಿಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೌದು, ಬಂದಿದ್ದೇನೆ. ಕ್ರಮವಾಗಿ ಬರೆಯುತ್ತೇನೆ, ಇಲ್ಲವಾದರೆ ನಾಳೆ ನಾನೇ ನಂಬುವುದಿಲ್ಲ.

ವಿಮಾನ ತಡ. ಒಂಬತ್ತಾಯಿತು, ಕಾಸ್ಮಾಲಿ ಇಲ್ಲ. ಮೆಲಿಸ್ ಗಡಿಯಾರ ತೋರಿಸಿದ. ಅವನ ಕಿವಿಯಲ್ಲಿ ವಿಷಯ ಹೇಳಿದೆ. ಎಂಜಿನ್ ಆರಿಸಿ, ಟೋಪಿ ತೆಗೆದು ಡ್ಯಾಷ್‌ಬೋರ್ಡಿನೊಳಗೆ ಹಾಕಿದ. ಒಂಬತ್ತೂ ಹತ್ತಕ್ಕೆ ನನ್ನ ಫೋನು ಅಜಿರೆತ್‌ನ ಹೆಸರು ತೋರಿಸಿ ಕುಣಿಯಿತು. ಕುಣಿಯಲಿ ಎಂದು ಬಿಟ್ಟೆ. ಕೆಲಸ ಹೋಯಿತು ಅಂತ ಆಗಲೇ ಲೆಕ್ಕ ಹಾಕಿದ್ದೆ.

ಒಂಬತ್ತೂ ಮೂವತ್ತೈದಕ್ಕೆ ಬಂದ. ನಲವತ್ತೈದರ ದೊಡ್ಡ ಆಳು, ಎರಡು ಚೀಲ, ಕಂಕುಳಲ್ಲಿ ಮೊಣಕಾಲಿನ ಪಟ್ಟಿಯ ಡಬ್ಬ. "ಅಮ್ಮನಿಗೆ" ಅಂದ, ನಾನು ಕೇಳದೆಯೇ.

ಮುಂದಿನ ಸೀಟಿನಲ್ಲಿ ಬಿಳಿ ಗಡ್ಡದ ಒಬ್ಬ ಹಿರಿಯರಿದ್ದರು. ಅವರು ನನ್ನ ಮುಖ ನೋಡಿದರು, ಅವನ ಡಬ್ಬ ನೋಡಿದರು.

"ಮಗಾ, ನೀನು ಇಲ್ಲಿ ಕೂತ್ಕೋ. ನನಗೆ ಮುಂದಿನ ಗಾಜಿನಿಂದ ಬಿಸಿಲು ಹೊಡೆಯುತ್ತೆ."

ಆಕಾಶದ ತುಂಬ ಮೋಡ.

ಹಿರಿಯರನ್ನು ಎರಡನೇ ಸಾಲಿಗೆ ಕೂರಿಸಿ, ಅಲ್ಲಿದ್ದ ವಿದ್ಯಾರ್ಥಿಯನ್ನು ಸ್ಟೆಪ್ನಿಯ ಪಕ್ಕ ಕಳಿಸಿದೆ. ಅವನು "ನಾನು ಎರಡನೇ ಸಾಲಿಗೆ ಬುಕ್ ಮಾಡಿದ್ದೆ" ಅಂತ ಗೊಣಗಿದ. ಇನ್ನು ಕಾಸ್ಮಾಲಿಯ ಹಿಂದೆ ಕೂರಲು ಒಬ್ಬ ಹಿರಿಯ ಹೆಂಗಸು ಬೇಕಿತ್ತು. ಇದ್ದವಳು ಒಬ್ಬಳೇ, ಸೂರ್ಯಕಾಂತಿ ಬೀಜ ಜಗಿಯುತ್ತ ಲೋಕದ ಸುದ್ದಿಯನ್ನೆಲ್ಲ ಬಿಚ್ಚುವ ಗಿರಾಕಿ. ಅವಳನ್ನು ನಂಬುವ ಹಾಗಿರಲಿಲ್ಲ. ಆ ಸೀಟಿನಲ್ಲಿದ್ದವನನ್ನು ಹಿಂದೆ ಉಳಿದ ಖಾಲಿ ಸೀಟಿಗೆ ಕಳಿಸಿ, ಬಾಗಿಲು ಎಳೆದುಕೊಂಡು ನಾನೇ ಹತ್ತಿದೆ. ಪ್ಲಾಸ್ಟಿಕ್ ಪರದೆ ಮುಖಕ್ಕೆ ಬಡಿಯುತ್ತಿತ್ತು, ಮೇಲಕ್ಕೆ ಮಡಚಿ ಸಿಕ್ಕಿಸಿದೆ. ಉಳಿದವರೂ ಹಾಗೇ ಮಾಡಿದರು.

ಮೆಲಿಸ್ ಹಾಡು ಹಾಕಲಿಲ್ಲ. ಬೀಜದ ಹೆಂಗಸು ಬೂಮ್ ಕಮರಿ ಬರುವಷ್ಟರಲ್ಲಿ ವಿಷಯ ಊಹಿಸಿ ಜಗಿಯುವುದನ್ನು ನಿಲ್ಲಿಸಿದಳು. ಅವಳ ಬಾಯಿ ಸುಮ್ಮನಿದ್ದದ್ದು ವ್ಯಾನಿಗೆಲ್ಲ ಕೇಳಿಸಿತು. ಯಾರೂ ಯಾರಿಗೂ ಏನೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಾಯಿತು.

ಕೋಚ್ಕೋರ್‌ನಲ್ಲಿ ಊಟಕ್ಕೆ ಇಳಿದೆವು. ಕಾಸ್ಮಾಲಿ ಮನೆಗೆ ಫೋನು ಮಾಡಿದ. ಯಾರೂ ಎತ್ತಲಿಲ್ಲ. ಮಾಂಸ ಹಾಕಿದ ಶಾವಿಗೆ, ಲಗ್ಮಾನ್, ಬಂತು. ಹಿರಿಯರು ತಮ್ಮ ಬಟ್ಟಲಿನ ಮಾಂಸವನ್ನು ಅವನ ಬಟ್ಟಲಿಗೆ ಹಾಕಿದರು. ಬೀಜದ ಹೆಂಗಸು ಹಾಕಿದಳು. ಮೆಲಿಸ್ ಕೂಡ. ಅವನು ಚಮಚ ಹಿಡಿದು ಬಟ್ಟಲನ್ನೇ ನೋಡಿದ.

"ಎಜೆ, ಇಷ್ಟೊಂದು ಮಾಂಸ ನನಗ್ಯಾಕೆ ಬಂತು?"

"ಅಡುಗೆಯವನ ಕೈ ಜಾರಿರಬೇಕು."

"ಮೂರು ಬಟ್ಟಲಿಂದ ಜಾರ್ತಾ?"

ಆಮೇಲೆ ಏನೂ ಕೇಳಲಿಲ್ಲ. ತಿನ್ನಲೂ ಇಲ್ಲ. ದೊಲೊನ್ ಏರಿನಲ್ಲಿ ಮಾತ್ರ ಹಿಂದೆ ತಿರುಗದೆ, "ಎಷ್ಟು ದಿನ ಆಯ್ತು ಅಂತ ಕೇಳಬಹುದಾ?" ಅಂದ.

"ದಾರಿ ನೋಡು ತಮ್ಮಾ" ಅಂದೆ. ಇದಕ್ಕಿಂತ ಕೆಟ್ಟ ಉತ್ತರ ನನ್ನ ಬಾಯಿಂದ ಎಂದೂ ಬಂದಿರಲಿಲ್ಲ. ಅವನ ಹೆಗಲು ಇಳಿದದ್ದು ಹಿಂದಿನಿಂದ ಕಾಣಿಸಿತು.

ಹಳ್ಳಿಯ ತಿರುವಿನಲ್ಲಿ ವ್ಯಾನು ನಿಲ್ಲಿಸಿ ಅಂದ. ಇಳಿದ. ಗಂಡಸರು ಸಾವಿನ ಮನೆಗೆ ಹೋಗುವ ಹಾಗೆ ಎರಡೂ ಕೈ ಸೊಂಟಕ್ಕೊತ್ತಿ, ಬಾಗಿ, ದನಿ ಎತ್ತಿ ಅಳುತ್ತ ನಡೆದ. "ಅಮ್ಮಾ, ನನ್ನಪ್ಪ ಹೋದಾಗ್ಲೂ ನೀನೇ ಇದ್ದೆ, ನೀನು ಹೋಗುವಾಗ ನಾನಿಲ್ಲದೆ ಹೋದೆನಲ್ಲ ತಾಯೀ." ಹಿರಿಯರು ಇಳಿದು ದನಿ ಸೇರಿಸಿದರು. ಮೆಲಿಸ್ ಸೇರಿಸಿದ. ಅಳು ಬರುತ್ತಿರುವುದು ಕೇಳಿ ಅಕ್ಕಪಕ್ಕದ ಮನೆಗಳ ಹೆಂಗಸರು, ಮುದುಕಿ ಈಗ ತಾನೇ ಹೋದಳೇನೋ ಎಂದುಕೊಂಡು, ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತ ಓಡಿಬಂದು ಶುರುಮಾಡಿದರು. ಯಾರೂ ಯಾರನ್ನೂ ಕೇಳಲಿಲ್ಲ. ಅಳುವವರ ಜೊತೆ ಮೊದಲು ಅತ್ತು ಆಮೇಲೆ ಕೇಳುವುದು ನಮ್ಮ ಕ್ರಮ.

ಅಂಗಳದ ಬಾಗಿಲು ತೆರೆಯಿತು. ಕಾಲಿಗೆ ಪ್ಲಾಸ್ಟರು, ಕಂಕುಳಿಗೆ ಕೋಲು, ಕೈಯಲ್ಲಿ ಸೌಟು ಹಿಡಿದ ಮುದುಕಿ.

"ಏನಾಯ್ತು? ಯಾರು ಹೋದದ್ದು?"

ಕಾಸ್ಮಾಲಿ ಬಾಗಿದವನು ಬಾಗಿಯೇ, ಬಿಕ್ಕುತ್ತ, "ನೀನು" ಅಂದ.

"ನಾನಾ? ಯಾವಾಗ?"

ಮುದುಕಿ ಸೌಟನ್ನು ನಮ್ಮೆಲ್ಲರ ಕಡೆ ತಿರುಗಿಸಿದಳು.

"ನನಗೂ ಒಂದು ಮಾತು ಹೇಳಬಾರದಿತ್ತೇನ್ರೋ."

ನನಗೆ ಫೋನು ಮಾಡಿದ್ದ ಸೊಸೆ ಕೊಟ್ಟಿಗೆಯಿಂದ ಓಡಿಬಂದಳು. ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು, ಸ್ವಲ್ಪ ಹುಷಾರಿಲ್ಲ ಅಂದರೆ ನಿಜವಾಗಿಯೂ ಸ್ವಲ್ಪವೇ. ಫೋನಿನಲ್ಲಿ ಉಸಿರು ತಡವರಿಸಿದ್ದು ಕರು ಹಗ್ಗ ಕಿತ್ತುಕೊಂಡು ಹೊರಟಿತ್ತು ಅಂತ, ಮಧ್ಯಾಹ್ನ ಫೋನು ಎತ್ತದಿದ್ದದ್ದು ಕೊಟ್ಟಿಗೆಯಲ್ಲಿದ್ದಳು ಅಂತ. ಮಗ ತಾಯಿಯ ಕಾಲ ಬುಡದಲ್ಲಿ ಕುಸಿದು, ಪ್ಲಾಸ್ಟರನ್ನು ತಬ್ಬಿಕೊಂಡು, ಈಗ ಬೇರೆ ಅಳು ಶುರುಮಾಡಿದ. ಮುದುಕಿ ಅವನ ತಲೆಯ ಮೇಲೆ ಸೌಟಿನ ಕೈಯನ್ನೇ ಇಟ್ಟಳು.

"ನನ್ನ ಮಗ ಇಷ್ಟು ಚೆನ್ನಾಗಿ ಅಳ್ತಾನೆ ಅಂತ ತಿಳೀದೇ ಹೋಗಿಬಿಡ್ತಿದ್ದೆ. ದೊಡ್ಡ ಉಪಕಾರ ಆಯ್ತು ನಿಮ್ಮಿಂದ."

ಎಲ್ಲರೂ ನಗಲು ಶುರುಮಾಡಿದರು. ನಾನೂ ಎಲ್ಲರ ಜೊತೆ ಸ್ವಲ್ಪ ಅತ್ತಿದ್ದೆ, ದನಿಗೆ ದನಿ. ಅವರು ನಿಲ್ಲಿಸಿದ ಮೇಲೂ ನನ್ನದು ನಿಲ್ಲಲಿಲ್ಲ. ಗಂಟಲು ಎಳೆದುಕೊಂಡು ಹೋಗುತ್ತಿತ್ತು. ಆಯಾಸ ಇರಬೇಕು, ಏಳು ಗಂಟೆ ಕೂತದ್ದು.

ಮುದುಕಿ ಕೋಲೂರಿ ಹತ್ತಿರ ಬಂದಳು.

"ನಿನ್ನವರು ಯಾರು, ಮಗಳೇ?"

"ಅಕ್ಕ. ಬುರುಲ್ ಅಂತ. ಅಟ್‌ಬಾಶಿ. ಹೋದ ವರ್ಷ ಜುಲೈ."

"ಯಾರು ಹೇಳಿದ್ರು ನಿನಗೆ?"

"ನಾನೂ ಮಂಚದ ಮೇಲಿದ್ದೆ. ಅಕ್ಕ ಇದ್ದ ಆಸ್ಪತ್ರೆಯಿಂದ ಫೋನು ಬಂತು. ಆರನೇ ಮಂಚ ಖಾಲಿಯಾಗಿದೆ, ಬಟ್ಟೆ ತಗೊಂಡು ಹೋಗಿ ಅಂದ್ರು."

"ಕೈ ಹಿಡ್ಕೊಂಡು ಯಾರೂ ಹೇಳಲಿಲ್ವಾ?"

ಇಲ್ಲ ಅಂದೆ. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲವಲ್ಲ.

ಅವಳು ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ಬಿಳಿ ಗಡ್ಡದ ಹಿರಿಯರನ್ನು ನನ್ನ ಬಲಕ್ಕೆ ಕರೆದಳು. ತಾನು ಎಡಕ್ಕೆ, ಮುರಿದ ಕಾಲು ಮುಂದೆ ಚಾಚಿಕೊಂಡು. ಇಬ್ಬರೂ ಒಂದೊಂದು ಕೈ ಹಿಡಿದರು. ಹೆಂಗಸರು ಗೋಡೆಯುದ್ದಕ್ಕೂ ಕೂತರು. ಅಕ್ಕನ ವಯಸ್ಸೆಷ್ಟು, ಎಷ್ಟು ಮಕ್ಕಳು, ಏನು ಚೆನ್ನಾಗಿ ಮಾಡುತ್ತಿದ್ದಳು ಅಂತ ಕೇಳಿದರು. ರೊಟ್ಟಿ ಅಂದೆ. ನನ್ನನ್ನು ಬೆಳೆಸಿದವಳು ಅಂದೆ. ಆಮೇಲೆ ಮುದುಕಿ ಹೇಳಿದಳು.

"ಮಗಳೇ, ಗಟ್ಟಿಯಾಗಿರು. ನಿನ್ನ ಅಕ್ಕ ಬುರುಲ್ ಹೋದಳು."

ಹದಿನೈದು ತಿಂಗಳಿಂದ ಗೊತ್ತಿದ್ದ ಸುದ್ದಿ. ಇವತ್ತು ತಲುಪಿತು.

ಅದಾದ ಮೇಲೆ ಮುದುಕಿ ಬದುಕಿರುವುದಕ್ಕೆ ಒಂದು ಕುರಿ ಬಿತ್ತು. ವ್ಯಾನಿನಲ್ಲಿದ್ದವರೆಲ್ಲ ಉಂಡರು. ವಿದ್ಯಾರ್ಥಿ ಮೂರು ಸಲ ಹಾಕಿಸಿಕೊಂಡ. ಮೆಲಿಸ್ ಉಳಿದವರನ್ನು ಕರೆದುಕೊಂಡು ಮುಂದೆ ಹೋದ. ನನ್ನನ್ನು ಇವರು ಬಿಡಲಿಲ್ಲ. ಹಾಸಿಗೆ ಹಾಕಿದ್ದಾರೆ, ಏಳು ಪದರದ್ದು.

ಅಕ್ಟೋಬರ್ 18, ಸೋಮವಾರ

ಕಾಸ್ಮಾಲಿ ಕರೆದುಕೊಂಡು ಹೋದ. ಅಕ್ಕನ ಮಣ್ಣಿನ ಮೇಲೆ ಹುಲ್ಲು ಬಂದಿದೆ, ಯಾರೋ ಪುಣ್ಯಾತ್ಮರು ಸುತ್ತ ಕಲ್ಲು ಜೋಡಿಸಿದ್ದಾರೆ. ಕೂತು ಮಾತಾಡಿದೆ. ಹಿಮ ಬೆಟ್ಟದ ಅರ್ಧಕ್ಕೆ ಇಳಿದಿತ್ತು.

ಅಕ್ಟೋಬರ್ 21, ಗುರುವಾರ

ಅಜಿರೆತ್ ಕರೆಸಿದ. ಮೇಜಿನ ಮೇಲೆ ಫೋನು, ಅದರಲ್ಲಿ ನನ್ನ ಪಾಪಗಳು.

"ಹೊರಡೋವಾಗ ಮೂವತ್ತೈದು ನಿಮಿಷ ತಡ. ದಾರಿಯಲ್ಲಿ ಮೂರು ಗಂಟೆ. ನಾಲ್ಕು ಸೀಟು ಅದಲುಬದಲು. ಪರದೆ ಎತ್ತಿ ಸಿಕ್ಕಿಸಿದ್ದಾರೆ. ಒಬ್ಬ ವಿದ್ಯಾರ್ಥಿ ಒಂದೇ ನಕ್ಷತ್ರ ಕೊಟ್ಟು ಬರೆದಿದ್ದಾನೆ, 'ತುಂಬಾ ತಡ. ಊಟ ಚೆನ್ನಾಗಿತ್ತು' ಅಂತ. ಇದೇನು ಎಜೆ?"

ತಪ್ಪು ಪೂರ್ತಿ ನನ್ನದು ಅಂದೆ. ಇದ್ದದ್ದನ್ನೆಲ್ಲ ಹೇಳಿದೆ. ಬದುಕಿದ್ದ ತಾಯಿಗಾಗಿ ಮಗನನ್ನು ಏಳು ಗಂಟೆ ಸಾಯಿಸಿದ್ದು, ಒಂದು ಸಲವೂ ಆ ಮನೆಗೆ ತಿರುಗಿ ಫೋನು ಮಾಡಿ ಕೇಳದೇ ಇದ್ದದ್ದು. ನನಗೆಲ್ಲ ಗೊತ್ತು ಅನ್ನುವ ಸೊಕ್ಕು. ಮೊಟ್ಟೆ ಬೇಯಿಸುವ ಪಾತ್ರೆ ಅಟ್ಟದ ಮೇಲಿಂದ ಇಳಿಸಿ ತೊಳೆದಿಟ್ಟಿದ್ದೇನೆ ಅಂತಲೂ ಹೇಳಿದೆ.

ಅವನು ನಗಲಿಲ್ಲ. ಮಾಸ್ಕು ಕೆಳಗೆ ಎಳೆದುಕೊಂಡ. ಮುಖ ಇಷ್ಟು ಎಳೆಯದು ಅಂತ ಅಂದುಕೊಂಡಿರಲಿಲ್ಲ.

"ನಮ್ಮಪ್ಪ ಹೋದಾಗ ನಾನು ಅಲ್ಮಾಟಿಯಲ್ಲಿದ್ದೆ. ಗಡಿ ಮುಚ್ಚಿತ್ತು. ಸಂಬಂಧಿಕರ ಗುಂಪಿಗೆ ಯಾರೋ ಫೋನಿನಲ್ಲಿ ಹಾಕಿದ್ರು. ಅದರ ಮೇಲೊಂದು ಜೋಕು, ಕೆಳಗೆ ಯಾರದೋ ಹುಟ್ಟುಹಬ್ಬ. ನಾನು ಜೋಕು ಓದಿ ನಗ್ತಾ ನಗ್ತಾ ಕೆಳಗೆ ಬಂದೆ."

ಮೇಜು ಸುತ್ತಿ ಹೋಗಿ ಅವನ ಕೈ ಹಿಡಿದುಕೊಂಡೆ. ಆಫೀಸಿನಲ್ಲಿ ಹಾಗೆ ಮಾಡಬಾರದೇನೋ.

ಅವನು ಮಾಸ್ಕು ಮತ್ತೆ ಮೇಲಕ್ಕೆ ಎಳೆದುಕೊಂಡು, "ಬೆಳಗಿನ ವ್ಯಾನಿನಲ್ಲಿ ಮುಂದಿನ ಸೀಟನ್ನ ಫೋನಿನಲ್ಲಿ ಮಾರಲ್ಲ" ಅಂದ. "ಅದು ನಿಮ್ಮ ಕೈಯಲ್ಲಿರಲಿ. ಹಾಗೆ ಕರೆಸಿಕೊಂಡು ಹೊರಟವರಿಗೆ."

"ದಿನಾ ಒಂದು ಸೀಟು ಬಿಟ್ಟರೆ ವರ್ಷಕ್ಕೆ ಮುನ್ನೂರ ಅರವತ್ತೈದು ಸೀಟು, ತಮ್ಮಾ. ನಿಮ್ಮ ಯಜಮಾನರು ಬೈಯ್ಯಲ್ವಾ?"

"ಬೈತಾರೆ. ನೀವು ಯಾರ ಪರ ಮಾತಾಡ್ತಿದ್ದೀರಿ ಎಜೆ?"

ನನಗೂ ತಿಳಿಯಲಿಲ್ಲ. ಎದುರಿಗೆ ಲೆಕ್ಕ ತಪ್ಪುತ್ತಿದ್ದರೆ ಸುಮ್ಮನಿರಲಾಗುವುದಿಲ್ಲ. ಒಂದು ಷರತ್ತು ಹಾಕಿದ: ಪ್ರತಿ ಸಲವೂ ಮೊದಲು ಮನೆಗೆ ಫೋನು ಮಾಡಿ ನಿಜ ಏನೆಂದು ಕೇಳಬೇಕು. ಎರಡು ಸಲ ಕೇಳುತ್ತೇನೆ ಅಂದೆ.

ನವೆಂಬರ್ 1, ಸೋಮವಾರ

ಕೂಗುವವರಿಲ್ಲದ ಮೊದಲ ದಿನ. ನಿಲ್ದಾಣದಲ್ಲಿ ಪಾರಿವಾಳದ ಸದ್ದು ಕೇಳಿಸುತ್ತದೆ ಅಂತ ಈಗ ಗೊತ್ತಾಯಿತು. ಉಳಿದ ಏಳು ಜನರಲ್ಲಿ ಇಬ್ಬರನ್ನು ಓಷ್ ಮತ್ತು ತಲಾಸ್ ದಾರಿಯ ವ್ಯಾನುಗಳಿಗೆ ಇದೇ ಕೆಲಸಕ್ಕೆ ತೆಗೆದುಕೊಳ್ಳಲು ಅಜಿರೆತ್‌ನ ಹಿಂದೆ ಬಿದ್ದಿದ್ದೇನೆ. ಇವತ್ತು ನನ್ನ ಕರೆ ಎತ್ತಲಿಲ್ಲ. ನಾಳೆ ಎತ್ತುತ್ತಾನೆ.

ಬೆಳಿಗ್ಗೆ ವ್ಯಾನಿನಲ್ಲಿ ಹತ್ತು ಜನ. ಮುಂದಿನ ಸೀಟು ಒಂದೇ ಖಾಲಿ. ಒರೆಸಿ, ಬೆಲ್ಟು ನೇರ ಮಾಡಿ ಇಟ್ಟಿದ್ದೆ. ದಪ್ಪ ಮನುಷ್ಯನೊಬ್ಬ ಬಂದು ಬೇಡಿದ, ಹಿಂದೆ ಕಾಲು ಹಿಡಿಯುತ್ತದಂತೆ.

"ಯಾರೂ ಇಲ್ವಲ್ಲಕ್ಕಾ. ಯಾರಿಗೆ ಇಟ್ಟಿದ್ದೀರಿ?"

"ಬರಬಹುದು."

"ಯಾರು?"

"ಬರದೇ ಇರಲಿ ಅಂತ ಕೇಳ್ಕೋ."

ಮುಖ ನೋಡಿದ. ಏನು ಓದಿದನೋ, ಸುಮ್ಮನೆ ಹಿಂದೆ ಹೋಗಿ ಕೂತ.

ಫೋನು ಕೈಯಲ್ಲೇ ಹಿಡಿದಿದ್ದೆ. ಎಂಟೂವರೆ, ಎಂಟೂ ಐವತ್ತು. ಬರಲಿಲ್ಲ. ನಿಲ್ದಾಣದ ಗೇಟಿನ ಕಡೆ ನೋಡಿದೆ, ಚೀಲ ಹಿಡಿದು ಓಡಿಬರುವವರು ಯಾರೂ ಇಲ್ಲ. ನರಿನ್‌ನಿಂದ ಅಟ್‌ಬಾಶಿಯವರೆಗೆ, ಅಷ್ಟು ಹಳ್ಳಿ, ಅಷ್ಟು ಒಲೆ, ಇವತ್ತು ಯಾವ ಮನೆಯವರೂ ಯಾರನ್ನೂ ಕರೆಸಿಕೊಂಡಿರಲಿಲ್ಲ.

ಮೆಲಿಸ್ ಕಿಟಕಿ ಇಳಿಸಿದ. "ಹೊರಡಲಾ? ಒಂದು ಸೀಟು ಖಾಲಿ."

"ಹೊರಡು" ಅಂದೆ. "ಹಾಗೇ ಹೋಗಲಿ."

ಒಂಬತ್ತಕ್ಕೆ ಸರಿಯಾಗಿ ಹೊರಟಿತು. ತಿರುವು ದಾಟುವವರೆಗೂ ಆ ಖಾಲಿ ಸೀಟು ಗಾಜಿನಲ್ಲಿ ಕಾಣುತ್ತಿತ್ತು. ಪ್ರಾರ್ಥನೆ ಮುಗಿಸುವ ಹಾಗೆ ಎರಡೂ ಕೈ ಮುಖದ ಮೇಲೆ ಎಳೆದುಕೊಂಡು ವಂದಿಸಿದೆ.